ವಿದ್ಯುತ್ತಿನ ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ?

ವಿದ್ಯುಚ್ಛಕ್ತಿಯ ಅಭಾವವೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಪರೀಕ್ಷೆಯ ಮುನ್ನಾದಿನ ರಾತ್ರಿ ದೀಪವಾರಿದಾಗ ವಿದ್ಯಾರ್ಥಿಯು ಮೊದಲು ಬಾಗಿಲಿಗೆ ಬಂದು ಇಣುಕಿ ನೋಡುವನು. ಎದುರು ಬೀದಿಯಲ್ಲಿ ದೀಪ ಉರಿಯುತ್ತಿದ್ದರೆ ಅವನ ಅಸಮಾಧಾನ ಇಮ್ಮಡಿಯಾಗುವುದು. "ಏಕೆ ಆರಿತು?" ಎಂಬ ಪ್ರಶ್ನೆಗೆ ಭೌತವಿಜ್ಞಾನವು ಉತ್ತರ ಕೊಡಬಲ್ಲುದು, "ಅಲ್ಲಿ ಉರಿಯುತ್ತಿರುವಾಗ ಇಲ್ಲಿ ಏಕೆ ಆರಿತು?" ಎಂಬ ಪ್ರಶ್ನೆಗೆ ಕೊಡಲಾರದು. ಇರುವ ಶಕ್ತಿ ಎಲ್ಲರಿಗೂ ಸಾಲದಾದಾಗ ಯಾರಿಗೆ ಕೊಡಬೇಕು, ಯಾರಿಗೆ ತಪ್ಪಿಸಬೇಕು ಎಂಬುದನ್ನು ಯಾರೋ ಒಬ್ಬರು ಎಲ್ಲಿಯೋ ಕುಳಿತು ಮೊದಲೇ ಗೊತ್ತುಮಾಡಿರುವರು.

ಇದೇ ಪ್ರಶ್ನೆಯು ಬಹಳ ಸಣ್ಣ ಪ್ರಮಾಣದಲ್ಲಿ, ಆದರೆ ಅಷ್ಟೇ ತೀಕ್ಷ್ಣವಾಗಿ, ನಮ್ಮ ಕಾಲೇಜುಗಳ, ಆಸ್ಪತ್ರೆಗಳ, ಬ್ಯಾಂಕುಗಳ ಒಳಕೋಣೆಯಲ್ಲಿ ಬೀಗ ಹಾಕಿಟ್ಟಿರುವ ಒಂದು ಉಕ್ಕಿನ ಪೆಟ್ಟಿಗೆಯಲ್ಲಿಯೂ ಏಳುವುದು. ಆ ಪೆಟ್ಟಿಗೆಗೆ ಸ್ವಿಚ್ಚು ಎಂದು ಹೆಸರು. ಗೋಡೆಯ ಮೇಲಿನ ದೀಪದ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಗಣಕಯಂತ್ರಗಳಿಂದಲೂ ದೂರವಾಣಿಗಳಿಂದಲೂ ಕ್ಯಾಮೆರಾಗಳಿಂದಲೂ ಬರುವ ತಂತಿಗಳೆಲ್ಲ ಇಲ್ಲಿ ಸೇರುವುವು. ಒಂದರಿಂದ ಬಂದ ಸುದ್ದಿಯನ್ನು ವಿಳಾಸ ನೋಡಿ ಮತ್ತೊಂದಕ್ಕೆ ಮುಟ್ಟಿಸುವುದು ಇದರ ಕಾರ್ಯ. ಅಂಚೆಯ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಗುಮಾಸ್ತನ ಕೆಲಸವನ್ನೇ ಇದು ಒಂದು ಸೆಕೆಂಡಿಗೆ ಕೋಟ್ಯಂತರ ಸಲ ಮಾಡುವುದೆಂದು ತಿಳಿದರೆ ಸಾಕು. ಸ್ವಿಚ್ಚಿನ ವೇಗವನ್ನು ಹೊಗಳುವ ಬರೆಹಗಳಿಗೆ ಕೊರತೆಯಿಲ್ಲ. ಅದರೊಳಗೆ ವಿದ್ಯುತ್ತನ್ನು ಹಂಚುವ ಕ್ರಮವನ್ನು ಕುರಿತು ಮಾತನಾಡುವವರು ಅಪರೂಪ. ಈ ಹಂಚಿಕೆಯ ಕ್ರಮವನ್ನು ಯಂತ್ರದ ಪಾಲಿಗೆ ಬಿಟ್ಟುಬಿಡುವುದು ತಪ್ಪು, ಆ ಕಟ್ಟಡದಲ್ಲಿ ಬಾಳುವವರೇ ಅದನ್ನು ಗೊತ್ತುಮಾಡತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಹೇಳಬೇಕಾದರೆ ಪೆಟ್ಟಿಗೆಯ ಮುಚ್ಚಳವನ್ನು ಸ್ವಲ್ಪ ತೆರೆದು ನೋಡಬೇಕು.

ಸಣ್ಣ ಸ್ವಿಚ್ಚುಗಳು ಒಂದೇ ಅಚ್ಚಿನಲ್ಲಿ ಎರೆದಂತೆ ಇರುವುವು. ದೊಡ್ಡವು ಹಾಗಲ್ಲ. ಅವುಗಳಲ್ಲಿ ಷಾಸಿ ಎಂಬ ಬರಿಯ ಚೌಕಟ್ಟೊಂದಿದ್ದು ಅದರೊಳಗೆ ಪುಸ್ತಕದ ಕಪಾಟಿನಲ್ಲಿರುವಂತೆ ಸ್ಲಾಟುಗಳೆಂಬ ಗೂಡುಗಳಿರುವುವು. ಪ್ರತಿಯೊಂದು ಗೂಡಿಗೂ ಒಂದೊಂದು ಕಾರ್ಡನ್ನು ತೂರಿಸಬಹುದು, ಬೇಡವಾದಾಗ ಹೊರಗೆಳೆಯಬಹುದು. ಇಡೀ ಯಂತ್ರದ ಆಡಳಿತವನ್ನು ನಡೆಸುವುದು ಸೂಪರ್‌ವೈಸರ್ ಕಾರ್ಡು. ಒಂದು ಕಾರ್ಡಿನಿಂದ ಮತ್ತೊಂದಕ್ಕೆ ಸುದ್ದಿ ಹರಿಯುವ ಹೆದ್ದಾರಿಯೇ ಫ್ಯಾಬ್ರಿಕ್. ಹೊರಗಿನ ತಂತಿಗಳನ್ನು ಸಿಕ್ಕಿಸುವ ಪೋರ್ಟುಗಳಿರುವುದು ಲೈನ್ ಕಾರ್ಡುಗಳಲ್ಲಿ. ಒಂದೊಂದರಲ್ಲಿ ಸಾಮಾನ್ಯವಾಗಿ 48 ಪೋರ್ಟುಗಳು. ಇವೆಲ್ಲದರ ಕಾವನ್ನು ಹೊರದೂಡಲು ಫ್ಯಾನುಗಳು. ಎಲ್ಲಕ್ಕೂ ಅನ್ನ ನೀಡಲು ಎರಡೋ ಮೂರೋ ನಾಲ್ಕೋ ಪವರ್ ಸಪ್ಲೈಗಳು. ಕಟ್ಟಡ ಬೆಳೆದಂತೆ ಹೊಸ ಕಾರ್ಡುಗಳನ್ನು ಸೇರಿಸುತ್ತ ಹೋಗಬಹುದೆಂಬುದೇ ಈ ಬಗೆಯ ಯಂತ್ರದ ದೊಡ್ಡ ಅನುಕೂಲ. ತೊಂದರೆಯ ಬೀಜವಿರುವುದೂ ಅಲ್ಲಿಯೇ. ಮೊದಲು ಬಂದ ಪವರ್ ಸಪ್ಲೈಗಳು ಹಾಗೆಯೇ ಉಳಿದು, ಉಣ್ಣುವ ಬಾಯಿಗಳು ಮಾತ್ರ ವರ್ಷ ವರ್ಷವೂ ಹೆಚ್ಚುವುವು.

ಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟೊಡನೆಯೇ ಎಲ್ಲ ಕಾರ್ಡುಗಳೂ ಒಮ್ಮೆಲೇ ಎದ್ದು ಕೂರುವುವೆಂದು ನಾವು ಊಹಿಸುವುದು ಸಹಜ. ನಡೆಯುವುದು ಬೇರೆ. ಮೊದಲಿಗೆ ಪ್ರತಿಯೊಂದು ಗೂಡಿಗೂ ಅತ್ಯಲ್ಪ ವಿದ್ಯುತ್ತು ಹರಿಯುವುದು. ಕಾರ್ಡು ಕೆಲಸ ಮಾಡಲು ಅದು ಸಾಲದು, ತಾನು ಯಾರೆಂದು ಹೇಳಿಕೊಳ್ಳಲು ಮಾತ್ರ ಸಾಕು. ಕಾರ್ಡಿನ ಮೂಲೆಯಲ್ಲಿ ಒಂದು ಸಣ್ಣ ಸ್ಮೃತಿ ಚಿಪ್ಪು ಇರುವುದು. ಆ ಕಾರ್ಡಿನ ಜಾತಕವೆಲ್ಲ ಅದರಲ್ಲಿ ಕಾರ್ಖಾನೆಯಲ್ಲಿಯೇ ಬರೆಯಲ್ಪಟ್ಟಿದೆ: ಹೆಸರು, ಸಂಖ್ಯೆ, ಮತ್ತು ತನಗೆ ಹೆಚ್ಚೆಂದರೆ ಎಷ್ಟು ವಾಟ್ ಬೇಕಾದೀತೆಂಬ ಹೇಳಿಕೆ. ಸೂಪರ್‌ವೈಸರ್ ಕಾರ್ಡು ಈ ಜಾತಕಗಳನ್ನು ಒಂದೊಂದಾಗಿ ಓದುವುದು. ಭಂಡಾರದಲ್ಲಿರುವ ಒಟ್ಟು ವಾಟುಗಳಿಂದ ಆ ಮೊತ್ತವನ್ನು ಕಳೆಯುವುದು. ಶೇಷ ಉಳಿದರೆ "ಏಳು" ಎಂದು ಅಪ್ಪಣೆ ಕೊಡುವುದು. ಶೇಷ ಸಾಲದಿದ್ದರೆ ಆ ಕಾರ್ಡು ಗೂಡಿನಲ್ಲಿಯೇ ನಿದ್ರಿಸತಕ್ಕದ್ದು. ಸಾಲ ಮಾಡಿ ಬಡಿಸುವ ಪದ್ಧತಿ ಇಲ್ಲಿಲ್ಲ.

ಈ ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ? ಬಹುಮಟ್ಟಿಗೆ ಎಲ್ಲ ತಯಾರಕರೂ ಒಪ್ಪಿರುವ ಕ್ರಮವೊಂದಿದೆ. ಫ್ಯಾನುಗಳು, ಸೂಪರ್‌ವೈಸರ್, ಫ್ಯಾಬ್ರಿಕ್ ಇವುಗಳ ಪಾಲನ್ನು ಮೊದಲು ತೆಗೆದಿಡುವರು. ಲೈನ್ ಕಾರ್ಡುಗಳ ಸರದಿ ಬರುವುದು ಆಮೇಲೆ. ಸುದ್ದಿ ಸಾಗಿಸುವ ಕೆಲಸದಲ್ಲಿ ಯಾವ ಪಾತ್ರವೂ ಇಲ್ಲದ ಫ್ಯಾನಿಗೆ ಇಷ್ಟು ಮರ್ಯಾದೆ ಏಕೆಂದು ವಿದ್ಯಾರ್ಥಿಗಳು ಕೇಳಬಹುದು. ಯಂತ್ರದೊಳಗೆ ಹೋದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಹೊರಬರಬೇಕು. 3,000 ವಾಟ್ ಉಣ್ಣುವ ಯಂತ್ರವು ಒಲೆಯೊಂದರಂತೆ ಕಾಯುವುದು. ಫ್ಯಾನು ನಿಂತರೆ ಕೆಲವು ನಿಮಿಷಗಳಲ್ಲಿ ಮಿಕ್ಕವೆಲ್ಲ ತಾವಾಗಿಯೇ ಮುಚ್ಚಿಕೊಳ್ಳಬೇಕಾಗುವುದು, ಇಲ್ಲವೆ ಬೆಂದುಹೋಗುವುವು. ಇನ್ನೊಂದು ಅಂಶವನ್ನೂ ಇಲ್ಲಿ ಗಮನಿಸತಕ್ಕದ್ದು. ಫ್ಯಾನಿಗೆ ಬೇಕಾದ ಶಕ್ತಿಯು ಸ್ಥೂಲವಾಗಿ ಅದರ ವೇಗದ ಘನಕ್ಕೆ ಅನುಗುಣವಾಗಿರುವುದು. ಅರ್ಧ ವೇಗದಲ್ಲಿ ತಿರುಗುವಾಗ ಎಂಟನೆಯ ಒಂದು ಪಾಲು ಶಕ್ತಿ ಸಾಕು. ಆದರೂ ಯಂತ್ರವು ಅದರ ಹೆಸರಿನಲ್ಲಿ ಕಾದಿರಿಸುವುದು ಪೂರ್ಣ ವೇಗದ ಪಾಲನ್ನು. ಬೇಸಗೆಯ ಮಧ್ಯಾಹ್ನ ಕೋಣೆಯ ತಂಪುಯಂತ್ರ ಕೆಟ್ಟುಹೋದ ದಿನ ಆ ಪಾಲು ಬೇಕಾಗುವುದು. ಅಂದು ಬೇರೆ ಯಾರಿಂದಲೋ ಕಿತ್ತು ಕೊಡಲು ಹೊರಟರೆ ಹೊತ್ತು ಮೀರಿರುವುದು. ಕೆಲವು ಯಂತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡನೆಯ ಸೂಪರ್‌ವೈಸರ್ ಕಾರ್ಡಿನ ಗೂಡು ಖಾಲಿಯಿದ್ದರೂ ಅದರ ಪಾಲನ್ನು ಮುಟ್ಟದೆ ಹಾಗೆಯೇ ಇಟ್ಟಿರುವುವು. ಬಾರದ ಅತಿಥಿಗೂ ಎಲೆ ಹಾಕುವ ಈ ಸಂಪ್ರದಾಯವನ್ನು ಹಾಸ್ಯ ಮಾಡುವವರಿದ್ದಾರೆ. ನಮಗೆ ಅದು ವಿವೇಕವೆಂದೇ ತೋರುವುದು.

ಇಲ್ಲಿಯವರೆಗಿನ ಕ್ರಮದಲ್ಲಿ ವಿವಾದಕ್ಕೆ ಆಸ್ಪದವಿಲ್ಲ. ಹೃದಯ, ಮೆದುಳು ಮೊದಲು, ಕೈಕಾಲುಗಳು ಆಮೇಲೆ ಎಂಬಂತೆ ಅದು ಪ್ರಕೃತಿಗೆ ಸಹಜವಾಗಿದೆ. ಕಷ್ಟವಿರುವುದು ಕೈಕಾಲುಗಳ ನಡುವೆ ಆಯ್ಕೆ ಮಾಡಬೇಕಾದಾಗ. ಆ ಸಂದರ್ಭ ಹೇಗೆ ಬರುವುದೆಂಬುದಕ್ಕೆ ಒಂದು ಲೆಕ್ಕವನ್ನು ನೋಡೋಣ.

ಒಂದು ಯಂತ್ರದಲ್ಲಿ ತಲಾ 3,000 ವಾಟಿನ ಎರಡು ಪವರ್ ಸಪ್ಲೈಗಳಿವೆಯೆಂದೂ ಎಲ್ಲ ಕಾರ್ಡುಗಳೂ ಸೇರಿ 3,400 ವಾಟ್ ಕೇಳುವುವೆಂದೂ ಇಟ್ಟುಕೊಳ್ಳೋಣ. ಇವನ್ನು ಎರಡು ವಿಧವಾಗಿ ದುಡಿಸಿಕೊಳ್ಳಬಹುದು. ಮೊದಲನೆಯ ವಿಧದಲ್ಲಿ ಎರಡೂ ಹೊರೆಯನ್ನು ಹಂಚಿಕೊಂಡರೂ ಲೆಕ್ಕಕ್ಕೆ ಒಂದನ್ನೇ ಹಿಡಿಯುವರು. ಭಂಡಾರದಲ್ಲಿ 3,000 ವಾಟ್ ಮಾತ್ರ ಇದೆಯೆಂದು ಯಂತ್ರ ತಿಳಿಯುವುದು, 400 ವಾಟಿನ ಕಡೆಯ ಕಾರ್ಡಿಗೆ ಅನುಮತಿ ನಿರಾಕರಿಸುವುದು. ಎರಡನೆಯ ವಿಧದಲ್ಲಿ ಎರಡನ್ನೂ ಕೂಡಿಸುವರು. ಎಲ್ಲ ಕಾರ್ಡುಗಳೂ ಏಳುವುವು, ಭಂಡಾರ ಇನ್ನೂ ತುಂಬಿರುವಂತೆ ತೋರುವುದು. ಹೊಸ ಕಾರ್ಡು ಎದ್ದೇಳುತ್ತಿಲ್ಲವೆಂದು ದೂರು ಬಂದಾಗ, ಹಣ ಖರ್ಚು ಮಾಡಿ ಮತ್ತೊಂದು ಪವರ್ ಸಪ್ಲೈಯನ್ನು ತರಿಸುವುದಕ್ಕಿಂತ ಮೊದಲನೆಯ ವಿಧದಿಂದ ಎರಡನೆಯದಕ್ಕೆ ಬದಲಾಯಿಸುವುದು ಸುಲಭ. ಒಂದು ಸಾಲಿನ ಆಜ್ಞೆ ಸಾಕು. ಅದನ್ನು ಮಾಡಿದವರು ಆ ದಿನ ಎಲ್ಲರ ಮೆಚ್ಚುಗೆಗೂ ಪಾತ್ರರಾಗುವರು. ಆದರೆ ಅವರು ವೆಚ್ಚ ಮಾಡಿದ್ದು ಆಪದ್ಧನವನ್ನು. ಪೆಟ್ಟಿಗೆಯ ಹಿಂದೆ ಎರಡು ಹಸುರು ದೀಪಗಳು ಮೊದಲಿನಂತೆಯೇ ಉರಿಯುತ್ತಿರುವುವು. ಒಂದು ಕೆಟ್ಟರೆ ಇನ್ನೊಂದಿದೆಯೆಂಬ ನಂಬಿಕೆಯೂ ಮೊದಲಿನಂತೆಯೇ ಇರುವುದು. ನಂಬಿಕೆಗೆ ಆಧಾರ ಮಾತ್ರ ಇಲ್ಲವಾಗಿರುವುದು. ಒಂದು ದಿನ ಒಂದು ಪವರ್ ಸಪ್ಲೈ ಕೈಕೊಡುವುದು. 1,700 ವಾಟ್ ಹೊತ್ತು ನಿಂತಿದ್ದ ಇನ್ನೊಂದರ ಮೇಲೆ ಹಠಾತ್ತನೆ 3,400 ವಾಟಿನ ಹೊರೆ ಬೀಳುವುದು. 400 ವಾಟನ್ನು ಯಾರಿಂದಲಾದರೂ ಕಿತ್ತುಕೊಳ್ಳಲೇಬೇಕು; ತಡವಾದರೆ ಉಳಿದ ಪವರ್ ಸಪ್ಲೈಯೂ ಹೊರೆ ತಾಳಲಾರದೆ ತನ್ನನ್ನು ತಾನು ಮುಚ್ಚಿಕೊಳ್ಳುವುದು, ಆಗ ಇಡೀ ಪಂಕ್ತಿಯೇ ಏಳಬೇಕು.

ಎಷ್ಟು ಹೊತ್ತಿನೊಳಗೆ? ಪಿ.ಯು.ಸಿ. ತರಗತಿಯ ಒಂದು ಸೂತ್ರದಿಂದಲೇ ಇದನ್ನು ಅಂದಾಜು ಮಾಡಬಹುದು. ಇಂತಹ ಪವರ್ ಸಪ್ಲೈಯ ಒಡಲಲ್ಲಿ ದೊಡ್ಡ ಕೆಪ್ಯಾಸಿಟರು ಇರುವುದು. ಅದನ್ನು ಸುಮಾರು 400 ವೋಲ್ಟಿಗೆ ತುಂಬಿಟ್ಟಿರುವರು. ಅದರ ಧಾರಕತೆ 1,000 ಮೈಕ್ರೊಫ್ಯಾರಡ್ ಎಂದೂ 320 ವೋಲ್ಟಿನವರೆಗೆ ಇಳಿದರೂ ಅದು ಉಪಯೋಗಕ್ಕೆ ಬರುವುದೆಂದೂ ಭಾವಿಸೋಣ. ಧಾರಕತೆಯ ಅರ್ಧವನ್ನು ವೋಲ್ಟಿನ ವರ್ಗದಿಂದ ಗುಣಿಸಿದರೆ ಶಕ್ತಿ ಬರುವುದು. ಮೊದಲಿಗೆ 80 ಜೂಲ್, ಕಡೆಗೆ 51.2 ಜೂಲ್, ನಮ್ಮ ಕೈಗೆ ದಕ್ಕುವುದು 28.8 ಜೂಲ್. 3,000 ವಾಟಿನ ಹೊರೆಯನ್ನು ಇದು ಎಷ್ಟು ಹೊತ್ತು ಹೊರಬಲ್ಲುದು? ಭಾಗಿಸಿ ನೋಡಿದರೆ 9.6 ಮಿಲಿಸೆಕೆಂಡು. ನಿಜವಾದ ಯಂತ್ರಗಳಲ್ಲಿಯೂ ಈ ಅವಧಿ ಸಾಮಾನ್ಯವಾಗಿ 10ರಿಂದ 20 ಮಿಲಿಸೆಕೆಂಡುಗಳಷ್ಟು. ಗೋಡೆಯ ವಿದ್ಯುತ್ತು ಕಡಿದುಹೋದೊಡನೆ ಪವರ್ ಸಪ್ಲೈಯು "ನಾನು ಹೋಗುತ್ತಿದ್ದೇನೆ" ಎಂಬ ಸಂಜ್ಞೆಯನ್ನು ಕಳುಹಿಸಿ, ಈ ಕೆಪ್ಯಾಸಿಟರಿನ ಬಲದಿಂದ ಇಷ್ಟು ಹೊತ್ತು ಉಸಿರು ಹಿಡಿದಿರುವುದು. ಒಮ್ಮೆ ರೆಪ್ಪೆ ಬಡಿಯಲು ನಮಗೆ ಇದರ ಹತ್ತರಷ್ಟು ಕಾಲ ಬೇಕು.

ನಮ್ಮ ವಾದದ ತಿರುಳು ಈ ಸಂಖ್ಯೆಯಲ್ಲಿದೆ. ಸಭೆ ಕರೆದು ವಿಚಾರಿಸಲು, ಮೇಲಧಿಕಾರಿಯನ್ನು ಕೇಳಲು, ಅಷ್ಟೇ ಏಕೆ, ಯಂತ್ರದೊಳಗಿನ ಕ್ರಮವಿಧಿಯು ಸಾವಕಾಶವಾಗಿ ಲೆಕ್ಕ ಹಾಕಲು ಕೂಡ 10 ಮಿಲಿಸೆಕೆಂಡು ಸಾಲದೆ ಹೋಗಬಹುದು. ಪೋರ್ಟುಗಳಿಗೆ ವಿದ್ಯುತ್ತನ್ನು ಕೊಡುವ ಕೆಲವು ಚಿಪ್ಪುಗಳಲ್ಲಿ ಇದಕ್ಕೆಂದೇ ಒಂದು ಪ್ರತ್ಯೇಕ ತಂತಿಯಿದೆ. ಆ ತಂತಿಯ ಮೇಲೆ ಸಂಜ್ಞೆ ಬಂದೊಡನೆ, ಮೊದಲೇ ಗುರುತು ಹಾಕಿಟ್ಟ ಪೋರ್ಟುಗಳೆಲ್ಲ ಯಾವ ವಿಚಾರಣೆಯೂ ಇಲ್ಲದೆ ಆರುವುವು. ಗುರುತನ್ನು ಹಾಕಿದವರು ಯಾರು, ಯಾವಾಗ ಹಾಕಿದರು, ಏನನ್ನು ಯೋಚಿಸಿ ಹಾಕಿದರು ಎಂಬುದೇ ಪ್ರಶ್ನೆ.

ಇದಕ್ಕೆ ತೀರ ವಿರುದ್ಧವಾದ ಒಂದು ಉದಾಹರಣೆಯನ್ನು ಆಕಾಶದಿಂದ ತೆಗೆದುಕೊಳ್ಳಬಹುದು. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳೆರಡೂ ಪ್ಲುಟೋನಿಯಮ್ಮಿನ ಶಾಖದಿಂದ ವಿದ್ಯುತ್ತನ್ನು ಪಡೆಯುವುವು. ಹೊರಟಾಗ ಸುಮಾರು 470 ವಾಟ್ ಇದ್ದ ಈ ಸಂಪತ್ತು ವರ್ಷಕ್ಕೆ ಸುಮಾರು 4 ವಾಟಿನಂತೆ ಕರಗುತ್ತ ಬಂದಿದೆ. ಆದುದರಿಂದ ಅವುಗಳ ಉಪಕರಣಗಳನ್ನು ಒಂದೊಂದಾಗಿ ಆರಿಸಬೇಕಾಗಿ ಬಂದಿತು. 2024ರಲ್ಲಿ ಎರಡನೆಯ ವಾಯೇಜರಿನ ಪ್ಲಾಸ್ಮಾ ಉಪಕರಣವನ್ನೂ 2025ರ ಫೆಬ್ರವರಿಯಲ್ಲಿ ಮೊದಲನೆಯದರ ವಿಶ್ವಕಿರಣಗಳ ಉಪಕರಣವನ್ನೂ ನಿಲ್ಲಿಸಿದರು. ಪ್ರತಿಯೊಂದು ತೀರ್ಮಾನಕ್ಕೂ ವಿಜ್ಞಾನಿಗಳು ಮುಂಚಿತವಾಗಿ ಕುಳಿತು, ಯಾವುದರಿಂದ ಇನ್ನೂ ಹೊಸ ಸಂಗತಿ ತಿಳಿದೀತು, ಯಾವುದರ ಆಯುಷ್ಯ ಮುಗಿದಂತಾಯಿತು ಎಂದು ವಾದಿಸಲು ಅವಕಾಶವಿತ್ತು. ನಮ್ಮ ಉಕ್ಕಿನ ಪೆಟ್ಟಿಗೆಯೊಳಗೆ ವಾದಕ್ಕೆ ಕಾಲವಿಲ್ಲ. ಆ ವಾದ ಪೆಟ್ಟಿಗೆಯನ್ನು ತಂದ ದಿನವೇ ನಡೆಯಬೇಕಿತ್ತು. ಬಹಳ ಕಡೆ ಅದು ನಡೆದೇ ಇರುವುದಿಲ್ಲ.

ವಾದ ನಡೆಯದಿದ್ದರೆ ಏನಾಗುವುದು? ಯಂತ್ರವು ಸುಮ್ಮನೆ ಕೂರುವಂತಿಲ್ಲ. ಅದು ತನಗೆ ತಿಳಿದ ಒಂದೇ ಕ್ರಮವನ್ನು ಅನುಸರಿಸುವುದು. ಆ ಕ್ರಮವೇ ಗೂಡಿನ ಸಂಖ್ಯೆ. ಹಲವು ಯಂತ್ರಗಳಲ್ಲಿ ಕಡೆಯ ಗೂಡಿನಿಂದ ಆರಂಭಿಸಿ ಹಿಂದು ಹಿಂದಕ್ಕೆ ಕಾರ್ಡುಗಳನ್ನು ಆರಿಸುತ್ತ ಬರುವುದು ವಾಡಿಕೆ. 1ನೆಯ ಗೂಡಿನಲ್ಲಿ ಕುಳಿತವನು ಪುಣ್ಯವಂತ. ಊಟದ ಪಂಕ್ತಿಯಲ್ಲಿ ಹಸಿವನ್ನು ನೋಡದೆ ಕುಳಿತ ಮಣೆಯನ್ನು ನೋಡಿ ಬಡಿಸುವ ಪದ್ಧತಿಯನ್ನು ನಾವು ಖಂಡಿಸುವೆವು. ಇಲ್ಲಿ ನಡೆಯುವುದೂ ಅದೇ. ಯಾರು 1ನೆಯ ಗೂಡಿನಲ್ಲಿ ಕುಳಿತರೆಂಬುದು ಕಟ್ಟಡದ ಇತಿಹಾಸವನ್ನು ಅವಲಂಬಿಸಿದೆ. ಮೊದಲು ತಂತಿಯೆಳೆದ ಭಾಗಕ್ಕೆ ಮೊದಲ ಕಾರ್ಡು, ಕಡೆಗೆ ಕಟ್ಟಿದ ಭಾಗಕ್ಕೆ ಕಡೆಯ ಕಾರ್ಡು. ಕಡೆಗೆ ಕಟ್ಟಿದ ಭಾಗದಲ್ಲಿ ತುರ್ತು ಚಿಕಿತ್ಸೆಯ ಕೋಣೆಯಿದ್ದರೂ ಯಂತ್ರಕ್ಕೆ ಅದು ತಿಳಿಯದು. ಗೂಡುಗಳ ಸರದಿಯನ್ನು ನಮಗೆ ಬೇಕಾದಂತೆ ಬರೆದಿಡುವ ಅವಕಾಶವನ್ನು ಈಚಿನ ಕೆಲವು ಯಂತ್ರಗಳು ಒದಗಿಸಿವೆ. ಅವಕಾಶ ಇಲ್ಲದ ಯಂತ್ರಗಳಲ್ಲಿಯೂ ಕಾರ್ಡುಗಳನ್ನು ಅದಲುಬದಲು ಮಾಡಿ ಕೂರಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಪೋರ್ಟುಗಳ ವಿಷಯ. ಹಿಂದೆ ಈ ತಂತಿಗಳಲ್ಲಿ ಸುದ್ದಿ ಮಾತ್ರ ಹರಿಯುತ್ತಿತ್ತು. ಈಗ ಸುದ್ದಿಯ ಜೊತೆಗೆ ವಿದ್ಯುತ್ತೂ ಹರಿಯುವುದು. ಇದು ತೀರ ಹೊಸ ಉಪಾಯವೇನಲ್ಲ. ಹಳೆಯ ದೂರವಾಣಿಗಳಿಗೆ ಮನೆಯ ವಿದ್ಯುತ್ತು ಬೇಕಿರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಊರೆಲ್ಲ ಕತ್ತಲೆಯಾದರೂ ರಿಸೀವರನ್ನು ಎತ್ತಿದರೆ ಧ್ವನಿ ಕೇಳಿಸುತ್ತಿತ್ತು, ಏಕೆಂದರೆ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಗಳಿಂದ ಅದೇ ಎರಡು ತಂತಿಗಳ ಮೂಲಕ ಶಕ್ತಿ ಬರುತ್ತಿತ್ತು. (ಆ ಬ್ಯಾಟರಿಗಳ ಧನಾಗ್ರವನ್ನು ಭೂಮಿಗೆ ಸೇರಿಸುತ್ತಿದ್ದರು, ನೆಲದೊಳಗಿನ ತಾಮ್ರದ ತಂತಿ ವಿದ್ಯುದ್ವಿಭಜನೆಯಿಂದ ಸವೆಯಬಾರದೆಂಬುದು ಅದರ ಉದ್ದೇಶ. ರಸಾಯನವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಯೋಚಿಸಿ ನೋಡಬಹುದು.) ಇಂದಿನ ಕಚೇರಿಯ ದೂರವಾಣಿಗಳು ಗಣಕಜಾಲದ ಮೇಲೆಯೇ ಮಾತನಾಡುವುದರಿಂದ ಎಕ್ಸ್‌ಚೇಂಜಿನ ಸ್ಥಾನವನ್ನು ಈ ಉಕ್ಕಿನ ಪೆಟ್ಟಿಗೆ ಪಡೆದಿದೆ. ಎಕ್ಸ್‌ಚೇಂಜಿನ ಹೊಣೆಯನ್ನೂ ಪಡೆದಿದೆಯೆಂಬುದನ್ನು ಮಾತ್ರ ನಾವು ಮರೆತಿರುವೆವು.

ಐ.ಇ.ಇ.ಇ. ಸಂಸ್ಥೆಯು 2003ರಲ್ಲಿ ಇದಕ್ಕೆ ಮೊದಲ ಪ್ರಮಾಣವನ್ನು ವಿಧಿಸಿತು. ಪೋರ್ಟಿನಿಂದ ಹೆಚ್ಚೆಂದರೆ 15.4 ವಾಟ್ ಹೊರಡಬಹುದು, ತಂತಿಯ ಆಚೆಯ ತುದಿಯಲ್ಲಿರುವ ಉಪಕರಣವು 12.95 ವಾಟನ್ನು ಮಾತ್ರ ನಂಬಬಹುದು ಎಂಬುದು ಅದರ ನಿಯಮ. ಈ ವಿಚಿತ್ರವಾದ ಅಂಕಿಗಳು ಎಲ್ಲಿಂದ ಬಂದುವು? 100 ಮೀಟರು ತಂತಿಯಲ್ಲಿ ಹೋಗಿ ಬರುವ ದಾರಿಯ ರೋಧವನ್ನು 20 ಓಮ್ ಎಂದು ಹಿಡಿದಿರುವರು. ವೋಲ್ಟೇಜು ಅತಿ ಕಡಮೆಯಾದಾಗ 44, ಆಗ 15.4 ವಾಟಿಗೆ ಬೇಕಾದ ಪ್ರವಾಹ 0.35 ಆಂಪೇರ್. ಇದರ ವರ್ಗವನ್ನು 20ರಿಂದ ಗುಣಿಸಿದರೆ ತಂತಿಯನ್ನು ಕಾಯಿಸುವುದರಲ್ಲಿ ಕಳೆದುಹೋಗುವ ಶಕ್ತಿ 2.45 ವಾಟ್. ಕಳೆದು ನೋಡಿರಿ, 12.95 ಸರಿಯಾಗಿ ಬರುವುದು. 2009ರ ಪ್ರಮಾಣದಲ್ಲಿ 50 ವೋಲ್ಟು, 0.6 ಆಂಪೇರು, ಉತ್ತಮ ತಂತಿಯ 12.5 ಓಮ್, ಹೊರಟದ್ದು 30 ವಾಟ್, ನಷ್ಟ 4.5, ಮುಟ್ಟಿದ್ದು 25.5. ಓಮನ ನಿಯಮವು ಪರೀಕ್ಷೆಯ ಪತ್ರಿಕೆಗಾಗಿಯೇ ಹುಟ್ಟಿದ್ದೆಂದು ತಿಳಿದಿರುವ ವಿದ್ಯಾರ್ಥಿಗಳಿಗೆ ನಾವು ಈ ಎರಡು ಲೆಕ್ಕಗಳನ್ನು ಸಂತೋಷದಿಂದ ಕೊಡುವೆವು. 2018ರ ಪ್ರಮಾಣವು ನಾಲ್ಕು ಜೊತೆ ತಂತಿಗಳನ್ನೂ ದುಡಿಸಿಕೊಂಡು ಪೋರ್ಟಿಗೆ 90 ವಾಟಿನವರೆಗೆ ಏರಿತು.

ತಂತಿಯ ತುದಿಯಲ್ಲಿ ಏನಿದೆಯೆಂಬುದನ್ನು ತಿಳಿಯದೆ ಪೋರ್ಟು ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಮೊದಲು 10 ವೋಲ್ಟಿಗೆ ಮೀರದ ಅಲ್ಪ ಒತ್ತಡವನ್ನು ಹಾಕಿ, ಆಚೆಯಲ್ಲಿ ಸುಮಾರು 25,000 ಓಮ್ ರೋಧ ಕಾಣುವುದೇ ಎಂದು ಪರೀಕ್ಷಿಸುವುದು. ಅದು ಕಂಡರೆ "ಇದು ಊಟಕ್ಕೆ ಬಂದ ಅತಿಥಿ" ಎಂದರ್ಥ. ಆಮೇಲೆ ಒತ್ತಡವನ್ನು ಸ್ವಲ್ಪ ಏರಿಸಿದಾಗ ಉಪಕರಣವು ಗೊತ್ತಾದ ಮೊತ್ತದ ಪ್ರವಾಹವನ್ನು ಸೆಳೆದು ತನ್ನ ವರ್ಗವನ್ನು ತಿಳಿಸುವುದು: 1ನೆಯ ವರ್ಗಕ್ಕೆ 4 ವಾಟ್, 2ನೆಯದಕ್ಕೆ 7, 3ನೆಯದಕ್ಕೆ 15.4, 4ನೆಯದಕ್ಕೆ 30. ಒಂದು ಕಾರ್ಡಿನ 48 ಪೋರ್ಟುಗಳೂ 30 ವಾಟ್ ಕೇಳಿದರೆ 1,440 ವಾಟ್ ಆಗುವುದು. ಕಾರ್ಡಿನ ಸ್ವಂತ ಹಸಿವಿಗಿಂತ ಅದರ ಅತಿಥಿಗಳ ಊಟವೇ ಎಷ್ಟೋ ಮಡಿ ಹೆಚ್ಚು. ಆದುದರಿಂದಲೇ ಕೊರತೆ ಬಂದಾಗ ಇಡೀ ಕಾರ್ಡನ್ನು ಆರಿಸುವ ಮುನ್ನ ಪೋರ್ಟುಗಳ ಅತಿಥಿಗಳನ್ನು ಎಬ್ಬಿಸುವ ಪದ್ಧತಿ ಕೆಲವು ಯಂತ್ರಗಳಲ್ಲಿದೆ. ಯಾವ ಅತಿಥಿಯನ್ನು ಎಬ್ಬಿಸಬೇಕು? 2003ರ ಡಿಸೆಂಬರಿನಲ್ಲಿ ಪ್ರಕಟವಾದ, ಅಂತರಜಾಲದ 3621ನೆಯ ಸಂಖ್ಯೆಯ ಪ್ರಮಾಣಪತ್ರದಲ್ಲಿ ಪೋರ್ಟುಗಳಿಗೆ ಮೂರು ಅಂತಸ್ತುಗಳನ್ನು ಹೇಳಿದೆ: ಅತ್ಯಾವಶ್ಯಕ, ಹೆಚ್ಚಿನದು, ಕೆಳಗಿನದು. ಯಾರೂ ಏನನ್ನೂ ಬರೆಯದಿದ್ದರೆ ಸಾಮಾನ್ಯವಾಗಿ ಎಲ್ಲವೂ ಕೆಳಗಿನದು. ಒಂದೇ ಅಂತಸ್ತಿನವರ ನಡುವೆ ಸ್ಪರ್ಧೆ ಬಂದರೆ ಹಲವು ಯಂತ್ರಗಳಲ್ಲಿ ಪುನಃ ಅದೇ ನ್ಯಾಯ: ಸಣ್ಣ ಸಂಖ್ಯೆಯ ಪೋರ್ಟು ಉಳಿಯುವುದು, ದೊಡ್ಡ ಸಂಖ್ಯೆಯದು ಆರುವುದು.

ಈ ಪೋರ್ಟುಗಳ ತುದಿಯಲ್ಲಿ ಏನೇನಿರುವುದೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ಮನದಟ್ಟಾಗುವುದು. ಹೆಬ್ಬಾಗಿಲಿನಲ್ಲಿ ಸ್ವಾಗತದ ಮಾತನ್ನು ಮಿನುಗಿಸುವ ಪರದೆ ಒಂದು ಪೋರ್ಟಿನಲ್ಲಿ. ರೋಗಿಯ ಹಾಸಿಗೆಯ ಪಕ್ಕದಿಂದ ದಾದಿಯನ್ನು ಕರೆಯುವ ದೂರವಾಣಿ ಮತ್ತೊಂದರಲ್ಲಿ. ವಿದ್ಯಾರ್ಥಿನಿಲಯದ ಹಿಂಬಾಗಿಲಿನ ಕ್ಯಾಮೆರಾ, ಗ್ರಂಥಾಲಯದ ನಿಸ್ತಂತು ಪೆಟ್ಟಿಗೆ, ರಾಸಾಯನಿಕಗಳ ಉಗ್ರಾಣದ ವಿದ್ಯುತ್ ಬೀಗ, ಎಲ್ಲವೂ ಒಂದೇ ಪಂಕ್ತಿಯಲ್ಲಿ. ಬೀಗದ ಮಾತೇ ವಿಚಿತ್ರ. ವಿದ್ಯುತ್ಕಾಂತದ ಬಲದಿಂದ ಬಾಗಿಲನ್ನು ಹಿಡಿದಿರುವ ಬೀಗಕ್ಕೆ ವಿದ್ಯುತ್ತು ತಪ್ಪಿದರೆ ಬಾಗಿಲು ತೆರೆದುಕೊಳ್ಳುವುದು; ಇನ್ನೊಂದು ಜಾತಿಯ ಬೀಗಕ್ಕೆ ವಿದ್ಯುತ್ತು ತಪ್ಪಿದರೆ ಹೊರಗಿನಿಂದ ತೆರೆಯಲು ಬಾರದು. ಬೆಂಕಿ ಬಿದ್ದಾಗ ಒಂದು ಉಪಕಾರಿ, ಕಳ್ಳ ಬಂದಾಗ ಇನ್ನೊಂದು. ಎರಡಕ್ಕೂ ಸಮಾನ ಅಂತಸ್ತನ್ನು ಕೊಟ್ಟು ಕುಳಿತರೆ ಅದು ಸಮಾನತೆಯಾಗದು, ಅಲಕ್ಷ್ಯವಾದೀತು.

ಅಲಕ್ಷ್ಯಕ್ಕಿಂತಲೂ ಹೆಚ್ಚು ಪ್ರಚಾರದಲ್ಲಿರುವ ಇನ್ನೊಂದು ದೋಷವನ್ನು ಹೇಳದೆ ಬಿಡಲಾರೆವು. ಆದ್ಯತೆಯ ಪಟ್ಟಿಯನ್ನು ಮಾಡಲು ಹೊರಟಾಗ ಪ್ರತಿಯೊಂದು ಶಾಖೆಯವರೂ ತಮ್ಮದೇ ಅತ್ಯಾವಶ್ಯಕವೆನ್ನುವರು. ಪ್ರಾಂಶುಪಾಲರ ಕೋಣೆ, ಲೆಕ್ಕಪತ್ರದ ವಿಭಾಗ, ಪರೀಕ್ಷಾ ವಿಭಾಗ ಯಾವುದೂ ಎರಡನೆಯ ಅಂತಸ್ತಿಗೆ ಇಳಿಯಲು ಒಪ್ಪದು. ಯಾರ ಮನಸ್ಸನ್ನೂ ನೋಯಿಸಲೊಲ್ಲದ ಎಂಜಿನಿಯರು ಎಲ್ಲರಿಗೂ ಮೊದಲ ಅಂತಸ್ತನ್ನು ದಯಪಾಲಿಸುವನು. ಫಲವೇನು? ಎಲ್ಲರೂ ಸಮಾನರಾದುದರಿಂದ ಯಂತ್ರವು ಪುನಃ ಪೋರ್ಟಿನ ಸಂಖ್ಯೆಯ ಮೊರೆಹೋಗುವುದು. ಪಟ್ಟಿ ಮಾಡಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಪಟ್ಟಿಯೊಂದು ನಿಜವಾದ ಪಟ್ಟಿಯಾಗಬೇಕಾದರೆ ಅದರಲ್ಲಿ ಕಡೆಯವನೊಬ್ಬನು ಇರಲೇಬೇಕು, ಅವನಿಗೆ ಅದು ಮೊದಲೇ ತಿಳಿದಿರಬೇಕು.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಗಳನ್ನೂ ವಿಚಾರಿಸುವುದು ನ್ಯಾಯ. ಸಾಕಷ್ಟು ದೊಡ್ಡ ಪವರ್ ಸಪ್ಲೈಗಳನ್ನು ಕೊಂಡುಬಿಟ್ಟರೆ ಈ ಗೋಜೇ ಇಲ್ಲವೆಂದು ಕೆಲವರು ಹೇಳುವರು. ಕೊಳ್ಳುವುದು ಒಳ್ಳೆಯದೇ. ಆದರೆ ಎರಡು ಪವರ್ ಸಪ್ಲೈಗಳ ತಂತಿಗಳೂ ಕಡೆಗೆ ಒಂದೇ ಯು.ಪಿ.ಎಸ್.ಗೆ ಸೇರಿದ್ದರೆ ಅವೆರಡೂ ಒಟ್ಟಿಗೆ ಮುಳುಗುವುವು. ಬೇರೆ ಬೇರೆ ಮೂಲಗಳಿಗೆ ಸೇರಿದ್ದರೂ, ಈ ವರ್ಷ ಮಿಕ್ಕ ವಾಟುಗಳನ್ನು ಮುಂದಿನ ವರ್ಷದ ಹೊಸ ಕ್ಯಾಮೆರಾಗಳು ಉಣ್ಣದೆ ಬಿಡವು.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದುದು. ಜಾತಕದಲ್ಲಿ ಬರೆದ ಗರಿಷ್ಠ ಸಂಖ್ಯೆಯನ್ನು ನಂಬಿ ಶಕ್ತಿಯನ್ನು ಕಾದಿರಿಸುವುದು ದುಂದು, 15.4 ವಾಟ್ ಕೇಳಿದ ದೂರವಾಣಿ ನಿಜವಾಗಿ ಅದರ ಮೂರನೆಯ ಒಂದು ಪಾಲನ್ನೂ ಉಣ್ಣದಿರಬಹುದು. ಆದುದರಿಂದ ನಿಜವಾದ ಬಳಕೆಯನ್ನು ಅಳೆದು ಹಂಚಿದರೆ ಅದೇ ಭಂಡಾರದಿಂದ ಎರಡರಷ್ಟು ಅತಿಥಿಗಳನ್ನು ತೃಪ್ತಿಪಡಿಸಬಹುದು ಎಂಬುದು ಇವರ ವಾದ. ಹೀಗೆ ಅಳೆದು ಹಂಚುವ ಯಂತ್ರಗಳೂ ಇವೆ. ದೂರವಾಣಿಗಳ ಮಟ್ಟಿಗೆ ನಾವು ಈ ವಾದವನ್ನು ಒಪ್ಪಬಲ್ಲೆವು. ಕ್ಯಾಮೆರಾಗಳ ಮಟ್ಟಿಗೆ ಒಪ್ಪಲಾರೆವು. ಹೊರಗಿನ ಕ್ಯಾಮೆರಾ ಹಗಲಿನಲ್ಲಿ ಕೆಲವೇ ವಾಟುಗಳನ್ನು ಉಣ್ಣುವುದು. ಕತ್ತಲಾದೊಡನೆ ಅದರ ಅವಕೆಂಪು ದೀಪಗಳು ಹೊತ್ತಿಕೊಂಡು ಬಳಕೆ ಏರುವುದು, ಅದೂ ಎಲ್ಲ ಕ್ಯಾಮೆರಾಗಳಲ್ಲಿಯೂ ಹೆಚ್ಚುಕಡಮೆ ಒಂದೇ ಗಳಿಗೆಯಲ್ಲಿ. ಮಧ್ಯಾಹ್ನದ ಅಳತೆಯನ್ನು ನಂಬಿ ಹಂಚಿದವನು ಸಂಜೆ ಆರೂವರೆಗೆ ಪಶ್ಚಾತ್ತಾಪಪಡುವನು. ಮದುವೆಯ ಮನೆಯಲ್ಲಿ ಬೆಳಗಿನ ಉಪಾಹಾರಕ್ಕೆ ಬಂದವರನ್ನು ಎಣಿಸಿ ಮಧ್ಯಾಹ್ನದ ಅಕ್ಕಿ ಹಾಕುವ ಅಡುಗೆಯವರನ್ನು ನಾವು ಕಂಡಿಲ್ಲ.

ಮೂರನೆಯದಾಗಿ, ಇದೆಲ್ಲ ಎಂಜಿನಿಯರುಗಳ ಕೆಲಸ, ಮಿಕ್ಕವರಿಗೇಕೆ ಎನ್ನುವವರು. ಎಂಜಿನಿಯರಿಗೆ ವಾಟುಗಳು ತಿಳಿಯುವುವು; 3ನೆಯ ಗೂಡಿನ 37ನೆಯ ಪೋರ್ಟಿನ ತಂತಿ ಯಾರ ಹಾಸಿಗೆಯ ಬಳಿಗೆ ಹೋಗಿದೆಯೆಂಬುದು ತಿಳಿಯದು. ಅದು ದಾದಿಗೆ ಗೊತ್ತು, ರಾತ್ರಿಯ ಕಾವಲುಗಾರನಿಗೆ ಗೊತ್ತು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೆ ಗೊತ್ತು. ಪಟ್ಟಿಯನ್ನು ಬರೆಯುವಾಗ ಇವರನ್ನು ಕರೆಯದಿದ್ದರೆ ಪಟ್ಟಿ ಅರ್ಧವೇ ಆಗುವುದು. ನಮ್ಮ ಪಠ್ಯಗಳಲ್ಲಿ ವಿದ್ಯುತ್ತನ್ನು ಲೆಕ್ಕ ಹಾಕುವುದನ್ನು ಕಲಿಸುವೆವು. ಸಾಲದಾದಾಗ ಹೇಗೆ ಹಂಚಬೇಕೆಂಬ ಒಂದು ಲೆಕ್ಕವನ್ನೂ ಕೊಡುವುದಿಲ್ಲ. 3,400 ವಾಟ್ ಬೇಡಿಕೆಯಿದ್ದು 3,000 ವಾಟ್ ಮಾತ್ರ ಇರುವ ಕಟ್ಟಡವೊಂದರ ಚಿತ್ರವನ್ನು ಕೊಟ್ಟು, ಯಾವುದನ್ನು ಆರಿಸುವಿರಿ, ಏಕೆ, ಎಂದು ಕೇಳಿದರೆ ಅದು ಭೌತವಿಜ್ಞಾನದ ಪ್ರಶ್ನೆಯೇ ಅಲ್ಲವೆಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಹೇಳಿಯಾರು. ನಮಗೆ ಹಾಗೆ ತೋರದು.

ಓದುಗರಲ್ಲಿ ಯಾರಿಗಾದರೂ ಕುತೂಹಲವುಂಟಾದರೆ, ತಮ್ಮ ಕಾಲೇಜಿನ ಜಾಲವನ್ನು ನೋಡಿಕೊಳ್ಳುವವರನ್ನು ಮೂರು ಸಂಗತಿ ಕೇಳಬಹುದು: ಪವರ್ ಸಪ್ಲೈಗಳನ್ನು ಲೆಕ್ಕದಲ್ಲಿ ಕೂಡಿಸಿದ್ದಾರೆಯೇ, ಒಂದನ್ನು ಆಪತ್ತಿಗೆ ಬಿಟ್ಟಿದ್ದಾರೆಯೇ? ಗೂಡುಗಳ, ಪೋರ್ಟುಗಳ ಸರದಿಯನ್ನು ಯಾರಾದರೂ ಬರೆದಿದ್ದಾರೆಯೇ? ಬರೆದದ್ದು ಯಾವ ವರ್ಷ? ಸರಿಯಾದ ಉತ್ತರ ಸಿಗದಿದ್ದಲ್ಲಿ, ರಜೆಯ ದಿನವೊಂದನ್ನು ಗೊತ್ತುಮಾಡಿ, ಎಲ್ಲರಿಗೂ ಮುಂಚಿತವಾಗಿ ತಿಳಿಸಿ, ಒಂದು ಪವರ್ ಸಪ್ಲೈಯ ತಂತಿಯನ್ನು ಕಿತ್ತು ನೋಡುವಂತೆ ಅವರನ್ನು ಒಪ್ಪಿಸಬೇಕು. ಕಟ್ಟಡದ ಒಂದೊಂದು ಮೂಲೆಯಲ್ಲಿಯೂ ಒಬ್ಬೊಬ್ಬ ವಿದ್ಯಾರ್ಥಿಯು ನಿಂತು, ಯಾವುದು ಆರಿತು, ಯಾವುದು ಉಳಿಯಿತು, ತಂತಿಯನ್ನು ಪುನಃ ಸಿಕ್ಕಿಸಿದ ಮೇಲೆ ಯಾವುದು ಎಷ್ಟು ನಿಮಿಷಕ್ಕೆ ಎದ್ದಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಕಾರ್ಡುಗಳು ಎದ್ದು ಕೂರಲು ಕೆಲವು ನಿಮಿಷಗಳು ಬೇಕಾಗುವುವು. ದೂರವಾಣಿಗಳಿಗೆ ಅವುಗಳ ಹಿಂದೆ ಇನ್ನೂ ಕೆಲವು. ಈ ಕಾಗದಗಳನ್ನೆಲ್ಲ ಒಟ್ಟುಗೂಡಿಸಿದರೆ ಆ ಕಟ್ಟಡದ ಈಗಿನ ಪಂಕ್ತಿ ಯಾವುದೆಂಬುದು ಬೆಳಕಿಗೆ ಬರುವುದು; ಅದನ್ನು ಬದಲಾಯಿಸಬೇಕೇ ಎಂಬ ಮಾತನ್ನು ಅಂದು ಮಧ್ಯಾಹ್ನವೇ, ದಾದಿಯನ್ನೂ ಕಾವಲುಗಾರನನ್ನೂ ಕೂರಿಸಿಕೊಂಡು, ಆರಂಭಿಸಬಹುದು.